ಅಂಕಿ ಹಾಕಿ ಬಿಚ್ಚಿದ ಮನೆ

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಫೋನು ಹೊಡೆದುಕೊಂಡರೆ ಅದು ಊರಿಂದಲೇ. ಇಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಶನಿವಾರ ಅಷ್ಟೊತ್ತಿಗೆ ಯಾರೂ ಯಾರಿಗೂ ಫೋನ್ ಮಾಡುವುದಿಲ್ಲ. ಊರಲ್ಲಿ ಆಗಲೇ ಹನ್ನೊಂದೂವರೆ, ತೋಟಕ್ಕೆ ಹೋಗಿ ಬಂದು ಆಸರಿ ಕುಡಿದಾಗಿರುತ್ತದೆ. ಹೊದಿಕೆಯೊಳಗಿಂದಲೇ ಕೈ ಚಾಚಿ ಎತ್ತಿದೆ. ಚಿಕ್ಕಪ್ಪ.

"ಮಲಗಿದ್ಯನಾ?"

"ಇಲ್ಲ ಚಿಕ್ಕಪ್ಪ, ಎದ್ದಿದೀನಿ. ಹೇಳಿ."

ಸುಳ್ಳು ಅಂತ ಇಬ್ಬರಿಗೂ ಗೊತ್ತು.

ವಿಷಯ ಇಷ್ಟೇ. ಊರ ಮನೆಗೆ ಒಂದು ಪಾರ್ಟಿ ಬಂದಿದೆ. ಬೆಂಗಳೂರಿನವರು, ಹಳೇ ಮರ ತಗೊಳ್ಳುವವರು. ಕಂಬ, ತೊಲೆ, ದಾರಂದ, ಮುಚ್ಚಿಗೆಯ ಹಲಗೆ ಎಲ್ಲವನ್ನೂ ಅಡಿ ಲೆಕ್ಕದಲ್ಲಿ ಎತ್ತಿಕೊಂಡು ಹೋಗುತ್ತಾರೆ. ಕೊಡುವ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದರೆ ಅಲ್ಲೇ ಎರಡು ರೂಮಿನ ಆರ್‌ಸಿಸಿ ಮನೆ ಎದ್ದುಬಿಡುತ್ತದೆ. ಅಪ್ಪ ಹೋದ ಮೇಲೆ ಅವರ ಪಾಲು ನನ್ನ ಹೆಸರಿಗೆ ಬಂದಿರುವುದರಿಂದ ನನ್ನದೊಂದು ಸಹಿ ಬೇಕು.

"ಮಳೆಗಾಲದೊಳಗೆ ಆಗ್ಬೇಕು ಮಾರಾಯ. ಹಂಚು ಕೈಯಾಡಿಸೋಕೆ ಈಗ ಜನವೇ ಸಿಕ್ತಾ ಇಲ್ಲೆ. ಹಿಂದಿನ ತೊಲೆಗೆ ಒರಲೆ ಹತ್ತಿದೆ. ನಿಂಗೆ ಎಂತ ಅನ್ಸ್ತು?"

ನನಗೆ ಎಂತ ಅನ್ನಿಸಬೇಕು? ನಿದ್ದೆಗಣ್ಣು. ಆ ಮನೆಯಲ್ಲಿ ನಾನು ಒಟ್ಟಿಗೆ ಹತ್ತು ದಿನ ಇದ್ದು ಎಷ್ಟೋ ವರ್ಷ ಆಯ್ತು. ಮಳೆಯಲ್ಲಿ ಏಣಿ ಹತ್ತುವವರು ಚಿಕ್ಕಪ್ಪ, ನಾನಲ್ಲ.

"ಆಯ್ತು ಚಿಕ್ಕಪ್ಪ, ನೀವು ಹೇಳಿದ ಹಾಗೆ" ಅಂದೆ. ಮತ್ತೆ ಮಲಗಿದೆ. ನಿದ್ದೆಯೂ ಬಂತು. ಇದನ್ನು ಮುಚ್ಚಿಟ್ಟು ಮುಂದಿನದನ್ನು ಬರೆದರೆ ತಪ್ಪಾಗುತ್ತದೆ ಅಂತ ಮೊದಲೇ ಹೇಳಿಬಿಡುತ್ತಿದ್ದೇನೆ.

*

ಅದೇ ದಿನ ಮಧ್ಯಾಹ್ನ ರೂಮ್‌ಮೇಟ್ (ಹಾಸನದ ಹುಡುಗ, ಸಿಹಿ ಅಂದರೆ ಪ್ರಾಣ) ಬೋರ್ನ್‌ವಿಲ್‌ಗೆ ಎಳೆದುಕೊಂಡು ಹೋದ. ಕ್ಯಾಡ್‌ಬರಿ ಚಾಕೊಲೇಟಿನ ಊರು. ರೈಲ್ವೆ ಸ್ಟೇಷನ್ನಿಗೂ ಆ ಚಾಕೊಲೇಟ್ ಕವರಿನದೇ ನೇರಳೆ ಬಣ್ಣ. ಫ್ಯಾಕ್ಟರಿ ಪಕ್ಕದ ಪ್ರದರ್ಶನಕ್ಕೆ ಮೊದಲೇ ಟಿಕೆಟ್ ಬುಕ್ ಮಾಡಬೇಕಿತ್ತು, ನಾವು ಮಾಡಿರಲಿಲ್ಲ. ಅವನು ಅಂಗಡಿಯೊಳಗೆ ನುಗ್ಗಿದ. ನಾನು ಸುಮ್ಮನೆ ಊರು ಸುತ್ತಲು ಹೊರಟೆ.

ಚೆಂದದ ಊರು. 1879ರಲ್ಲಿ ಕ್ಯಾಡ್‌ಬರಿ ಸಹೋದರರು ಬರ್ಮಿಂಗ್‌ಹ್ಯಾಮ್ ನಗರದ ಗಲೀಜಿನಿಂದ ಫ್ಯಾಕ್ಟರಿಯನ್ನು ಇಲ್ಲಿಗೆ ತಂದರು. ಜಾರ್ಜ್ ಕ್ಯಾಡ್‌ಬರಿ ಪಕ್ಕದ 120 ಎಕರೆ ಜಾಗ ಕೊಂಡು 1895ರಲ್ಲಿ ಮನೆಗಳನ್ನು ಕಟ್ಟಿಸಲು ಶುರು ಮಾಡಿದರು. ಒಂದೊಂದು ಮನೆಗೂ ಹಿತ್ತಿಲು, ಹಣ್ಣಿನ ಗಿಡ. 1900ರಲ್ಲಿ ಅದನ್ನೆಲ್ಲ ಒಂದು ಟ್ರಸ್ಟಿಗೆ ಬರೆದುಕೊಟ್ಟರು. ಅವರು ಕ್ವೇಕರ್ ಪಂಥದವರು, ಹೆಂಡ ಆಗದು. ಅದಕ್ಕೇ ಊರಿನ ಮಧ್ಯೆ ಹಸಿರು ಮೈದಾನ, ಶಾಲೆ, ಗಂಟೆ ಗೋಪುರ ಎಲ್ಲ ಇದ್ದರೂ ಒಂದು ಪಬ್ ಇಲ್ಲ.

ಆ ಮೈದಾನದ ಹತ್ತಿರವೇ, ಮೇಪಲ್ ರೋಡಿನ ಮೂಲೆಯಲ್ಲಿ, ಇದ್ದಕ್ಕಿದ್ದ ಹಾಗೆ ಎರಡು ಮುದಿ ಮನೆಗಳು. ಸುತ್ತ ನೂರು ನೂರಿಪ್ಪತ್ತು ವರ್ಷದ ಅಚ್ಚುಕಟ್ಟಾದ ಇಟ್ಟಿಗೆ ಮನೆಗಳ ನಡುವೆ, ಮೊಮ್ಮಕ್ಕಳ ಮದುವೆಗೆ ಬಂದು ಕೂತ ಅಜ್ಜ ಅಜ್ಜಿಯ ಹಾಗೆ. ಬಿಳಿ ಗೋಡೆ, ಅದರ ತುಂಬ ಕಪ್ಪು ಮರದ ಪಟ್ಟಿಗಳು. ದೊಡ್ಡದಕ್ಕೆ ಸೆಲ್ಲಿ ಮೇನರ್ ಅಂತ ಹೆಸರು. ಮೇನರ್ ಅಂದರೆ ನಮ್ಮ ಕಡೆ ಪಟೇಲರ ಮನೆ ಇದ್ದ ಹಾಗೆ. ಅದರ ಪಕ್ಕದ್ದು ಮಿನ್‌ವರ್ತ್ ಗ್ರೀವ್ಸ್. ಸ್ವಲ್ಪ ಕುಳ್ಳ, ಅಷ್ಟೇನೂ ಗತ್ತಿಲ್ಲ. ಜನ ಮೊದಲು ಮೇನರ್‌ನ ಫೋಟೋ ತೆಗೆಯುತ್ತಾರೆ. ನಾನೂ ಅದನ್ನೇ ಮಾಡಿದೆ.

ಟಿಕೆಟ್ ಕೊಟ್ಟ ಹೆಂಗಸಿಗೆ ಎಪ್ಪತ್ತರ ಹತ್ತಿರ ವಯಸ್ಸಿರಬೇಕು. "ಈ ಎರಡು ಮನೆಗಳೂ ಇಲ್ಲಿಯವಲ್ಲ, ಗೊತ್ತಾ?" ಅಂದರು. "ಬೇರೆ ಕಡೆಯಿಂದ ಬಂದವು. ನಿನ್ನ ಹಾಗೆ."

*

ಸೆಲ್ಲಿ ಮೇನರ್ ಇದ್ದದ್ದು ಇಲ್ಲಿಂದ ಸುಮಾರು ಒಂದು ಮೈಲಿ ದೂರದ ಬೋರ್ನ್‌ಬ್ರೂಕ್‌ನಲ್ಲಿ. 15ನೇ ಶತಮಾನದ ಕಾಗದಗಳಲ್ಲಿ ಅದಕ್ಕೆ ಇಂಥಾ ದೊಡ್ಡ ಹೆಸರೇನೂ ಇಲ್ಲ, ಸ್ಮಿತ್ಸ್ ಟೆನೆಮೆಂಟ್ ಅಂತಷ್ಟೇ. 19ನೇ ಶತಮಾನದ ಹೊತ್ತಿಗೆ ಅದನ್ನು ಮೂರು ಬಿಡಾರಗಳಾಗಿ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಜನ ಅದನ್ನು ರೂಕರಿ ಅಂತ ಕರೆಯುತ್ತಿದ್ದರಂತೆ. ಅಂದರೆ ಕಾಗೆ ಜಾತಿಯ ಹಕ್ಕಿಗಳೆಲ್ಲ ಗುಂಪಾಗಿ ಗೂಡು ಕಟ್ಟುವ ಜಾಗ. ಮನೆ ಕೊನೆಯುಸಿರು ಎಳೆಯುತ್ತಿದ್ದಾಗ, 1907ರಲ್ಲಿ, ಜಾರ್ಜ್ ಕ್ಯಾಡ್‌ಬರಿ ಕೊಂಡರು. ಬೋರ್ನ್‌ವಿಲ್ಲಿನ ಮನೆಗಳ ನಕ್ಷೆ ಹಾಕಿದ್ದ ವಿಲಿಯಂ ಅಲೆಕ್ಸಾಂಡರ್ ಹಾರ್ವಿ ಎಂಬ ವಾಸ್ತುಶಿಲ್ಪಿಗೆ, ಇದನ್ನು ಬಿಚ್ಚಿ ನಮ್ಮೂರಿಗೆ ತರಲಿಕ್ಕೆ ಆಗುತ್ತಾ ನೋಡು ಅಂದರು. ಆಯಿತು. ಒಂದೊಂದೇ ಮರ ಬಿಚ್ಚಿ, ಸಾಗಿಸಿ, ಮತ್ತೆ ಜೋಡಿಸಿ, 1917ರಲ್ಲಿ ಮ್ಯೂಸಿಯಂ ಅಂತ ಬಾಗಿಲು ತೆರೆದರು. ಒಳಗೆ ಅವರ ಮಗ ಲಾರೆನ್ಸ್ ಕ್ಯಾಡ್‌ಬರಿ ಸೇರಿಸಿದ ಹಳೇ ಪೀಠೋಪಕರಣಗಳಿವೆ.

ನಮ್ಮ ಪ್ರಾಜೆಕ್ಟಿನಲ್ಲಿ ಒಂದು ಸಿಸ್ಟಮ್ಮನ್ನು ಹಳೇ ಸರ್ವರ್‌ನಿಂದ ಕ್ಲೌಡಿಗೆ ಸಾಗಿಸಲು ಒಂದೂವರೆ ವರ್ಷದಿಂದ ಹೆಣಗುತ್ತಿದ್ದೇವೆ. ಈ ಯಪ್ಪ ಮನೆಯನ್ನೇ ಮೈಗ್ರೇಟ್ ಮಾಡಿದ್ದಾರಲ್ಲ ಅಂತ ಹೊಟ್ಟೆ ಉರಿಯಿತು.

ಪಕ್ಕದ ಮಿನ್‌ವರ್ತ್ ಗ್ರೀವ್ಸ್ ಬಂದದ್ದು ಇನ್ನೂ ದೂರದಿಂದ. ಬರ್ಮಿಂಗ್‌ಹ್ಯಾಮಿನ ಆಚೆ ತುದಿಯಲ್ಲಿ, ಸಟನ್ ಕೋಲ್ಡ್‌ಫೀಲ್ಡ್ ಹತ್ತಿರ ಮಿನ್‌ವರ್ತ್ ಅಂತ ಊರು, ಅಲ್ಲಿಂದ. ಅದೂ ಪಾಳು ಬಿದ್ದಿತ್ತು. ಜಾರ್ಜ್ ಕ್ಯಾಡ್‌ಬರಿ 1922ರಲ್ಲಿ ತೀರಿಕೊಂಡ ಮೇಲೂ ಕೆಲಸ ನಿಲ್ಲಲಿಲ್ಲ. ಅದೇ ಹಾರ್ವಿಯವರ ಉಸ್ತುವಾರಿಯಲ್ಲಿ 1932ರ ಹೊತ್ತಿಗೆ ಮಿನ್‌ವರ್ತ್ ಗ್ರೀವ್ಸ್ ಇಲ್ಲಿ ಎದ್ದು ನಿಂತಿತು. ವಯಸ್ಸು ಏನಿಲ್ಲವೆಂದರೂ ಆರು ನೂರು ವರ್ಷ. ಈಗ ಎರಡೂ ಮನೆಗಳು ಸರಕಾರದ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿವೆ, ಗ್ರೇಡ್ ಟೂ ಅಂತ.

ನಾನು ಮೇನರ್ ಮುಗಿಸಿ ಮಿನ್‌ವರ್ತ್ ಗ್ರೀವ್ಸ್‌ನ ಬಾಗಿಲು ದಾಟಿದೆ. ಹೊರಗಿನಿಂದ ನೋಡಿ ಹಗುರವಾಗಿ ಎಣಿಸಿದ್ದೆ. ಒಳಗೆ ಹೋಗಿ ತಲೆಯೆತ್ತಿದವನು ಹಾಗೇ ನಿಂತುಬಿಟ್ಟೆ.

ಒಂದೇ ದೊಡ್ಡ ಹಜಾರ. ನೆಲದಿಂದ ಎರಡೂ ಬದಿಗೆ ಎರಡು ಭಾರೀ ಮರಗಳು ಎದ್ದು, ಬಾಗಿ, ಮೇಲೆ ಹೋಗಿ ಮಾಡಿನ ನೆತ್ತಿಯಲ್ಲಿ ಸೇರುತ್ತವೆ. ಯಾರೋ ದೈತ್ಯ ಮನೆಯೊಳಗೆ ನಿಂತು ಕೈ ಮುಗಿದ ಹಾಗೆ. ಇದಕ್ಕೆ ಇಲ್ಲಿ ಕ್ರಕ್ ಅನ್ನುತ್ತಾರೆ. ಆ ಟಿಕೆಟಿನ ಅಜ್ಜಿ ಹಿಂದೆಯೇ ಬಂದು ವಿವರಿಸಿದರು. ಕಾಡಿನಲ್ಲಿ ತಾನಾಗಿಯೇ ಬಾಗಿ ಬೆಳೆದ ಓಕ್ ಮರವನ್ನು ಹುಡುಕಿ ತರುತ್ತಿದ್ದರಂತೆ. ಎಷ್ಟೋ ಸಲ ಒಂದೇ ಮರವನ್ನು ಉದ್ದಕ್ಕೆ ಎರಡಾಗಿ ಸೀಳಿ, ಎರಡೂ ಹೋಳುಗಳನ್ನು ಎದುರುಬದುರು ನಿಲ್ಲಿಸುತ್ತಿದ್ದರು. ಒಂದೇ ಮರದ ಎರಡು ಹೋಳಾದ್ದರಿಂದ ಬಾಗು ಎರಡೂ ಕಡೆ ಒಂದೇ. ಮಾಡಿನ ಭಾರವೆಲ್ಲ ಈ ಜೋಡಿಗಳ ಮೂಲಕ ಸೀದಾ ನೆಲಕ್ಕೆ ಇಳಿಯುತ್ತದೆ. ಗೋಡೆಗೆ ಭಾರವೇ ಇಲ್ಲ. ಗೋಡೆ ಅನ್ನುವುದು ಬರೀ ಗಾಳಿ ಮಳೆಗೆ ಅಡ್ಡ ಹಿಡಿದ ಪರದೆ.

ಆ ಪರದೆಯನ್ನು ಹಿಂದೆ ಏನರಲ್ಲಿ ಮಾಡುತ್ತಿದ್ದರು ಅಂತ ಕೇಳಿದರೆ ನಮ್ಮೂರಿನವರಿಗೆ ಖುಷಿಯಾಗುತ್ತದೆ. ಸೀಳಿದ ಕಡ್ಡಿಗಳನ್ನು ಬುಟ್ಟಿಯ ಹಾಗೆ ಹೆಣೆದು, ಅದಕ್ಕೆ ಮಣ್ಣು, ಹುಲ್ಲು, ದನದ ಸಗಣಿ ಕಲಸಿ ಮೆತ್ತುವುದು. ಮೇಲೆ ಸುಣ್ಣ. ಸಗಣಿ ಅಂದಾಗ ಪಕ್ಕದಲ್ಲಿದ್ದ ಇಂಗ್ಲಿಷ್ ಮಕ್ಕಳು ಮೂಗು ಮುಚ್ಚಿಕೊಂಡು ನಕ್ಕವು. ನಾನು ಮಾತ್ರ, ಹಬ್ಬದ ಹಿಂದಿನ ದಿನ ಅಜ್ಜಿ ಅಂಗಳ ಸಾರಿಸುವಾಗ ಬರುತ್ತಿದ್ದ ವಾಸನೆಯನ್ನು ಬರ್ಮಿಂಗ್‌ಹ್ಯಾಮಿನಲ್ಲಿ ನಿಂತು ನೆನೆಸಿಕೊಳ್ಳುತ್ತಿದ್ದೆ.

ಇನ್ನೊಂದು ವಿಷಯ ಹೇಳಿದರು. ಈ ಕಪ್ಪು ಬಿಳುಪು ವೇಷ ಬಹಳ ಕಡೆ ಹಳೆಯ ಕಾಲದ್ದೇ ಅಲ್ಲವಂತೆ. ಓಕ್ ಮರ ಹಾಗೇ ಬಿಟ್ಟರೆ ಬೂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಕಪ್ಪು ಬಳಿಯುವ ಶೋಕಿ ಜೋರಾದದ್ದು 19ನೇ ಶತಮಾನದಲ್ಲಿ. ಹಳೆಯದು ಹೀಗಿತ್ತು ಅಂತ ನಾವು ನಂಬುವುದರಲ್ಲಿ ಅರ್ಧ ಆಮೇಲಿನವರು ಬಳಿದ ಬಣ್ಣ!

*

ನನ್ನ ತಲೆ ಕೆಡಿಸಿದ್ದು ಇದ್ಯಾವುದೂ ಅಲ್ಲ. ಅವರು ಕೊನೆಗೆ ಹೇಳಿದ ಮಾತು.

"ಇಷ್ಟೊಂದು ಮರವನ್ನು ಬಿಚ್ಚಿ ಮತ್ತೆ ಅದೇ ಜಾಗಕ್ಕೆ ಹೇಗೆ ಕೂರಿಸಿದರು?" ಅಂತ ಕೇಳಿದ್ದೆ.

ಅವರು ನಕ್ಕರು. "ಈ ಥರದ ಮನೆಗಳನ್ನು ಮೊದಲ ಸಲ ಕಟ್ಟುವಾಗಲೇ ಬಿಚ್ಚಿ ಜೋಡಿಸಿಯೇ ಕಟ್ಟೋದು."

ಅದು ಹೀಗೆ. ಬಡಗಿ ಮನೆ ಕಟ್ಟುವ ಜಾಗದಲ್ಲಿ ಕೆಲಸ ಮಾಡುತ್ತಿರಲಿಲ್ಲ. ತನ್ನ ಅಂಗಳದಲ್ಲೇ ಹಸಿ ಓಕ್ ಮರ ಕೆತ್ತಿ, ಒಂದು ಗೋಡೆಯ ಚೌಕಟ್ಟನ್ನು ಪೂರ್ತಿ ನೆಲದ ಮೇಲೆ ಮಲಗಿಸಿ ಜೋಡಿಸುತ್ತಿದ್ದ. ಒಂದರ ತುದಿಯನ್ನು ಸಣ್ಣದಾಗಿ ಕೆತ್ತಿ ಇನ್ನೊಂದರ ತೂತಿನೊಳಗೆ ಕೂರಿಸಿ, ಅಡ್ಡಕ್ಕೆ ಮರದ ಗೂಟ ಹೊಡೆಯುವುದು. ಕಬ್ಬಿಣದ ಮೊಳೆ ಇಲ್ಲ. ಎಲ್ಲ ಸರಿಯಾಗಿ ಕೂತಿತು ಅಂತಾದ ಮೇಲೆ, ಪ್ರತಿ ಸಂದಿಯ ಎರಡೂ ಕಡೆ ಒಂದೇ ಅಂಕಿಯನ್ನು ಉಳಿಯಿಂದ ಗೀರುತ್ತಿದ್ದ. ರೋಮನ್ ಅಂಕಿ, ಯಾಕೆಂದರೆ ಉಳಿಯಲ್ಲಿ ನೆಟ್ಟಗಿನ ಗೀರು ಸುಲಭ. ಆಮೇಲೆ ಬಿಚ್ಚಿ, ಗಾಡಿಗೆ ಹೇರಿ, ಜಾಗಕ್ಕೆ ತಂದು, ಅಂಕಿಗೆ ಅಂಕಿ ಸೇರಿಸಿ ಎಬ್ಬಿಸುವುದು. ಹಸಿ ಮರ ಒಣಗುತ್ತಾ ಬಿಗಿದುಕೊಂಡು ಮನೆ ಕಲ್ಲಾಗುತ್ತದೆ.

"ಸರಿಯಾಗಿ ನೋಡಿದರೆ ಹಳೇ ಮನೆಗಳ ಮರಗಳ ಮೇಲೆ ಆ ಗುರುತು ಈಗಲೂ ಸಿಗುತ್ತವೆ" ಅಂದರು.

ನಾನು ಮೊಬೈಲ್ ಟಾರ್ಚ್ ಹಾಕಿ ಮರದ ಸಂದಿಯೊಂದನ್ನು ಹುಡುಕಿದೆ. ಒಂದು ಗೀರು ಕಂಡಿತು. ಅದು ಅಂಕಿಯೋ, ಮರ ಸೀಳಿದ್ದೋ ತಿಳಿಯಲಿಲ್ಲ. ಆದರೆ ಆ ಗೀರಿನ ಮೇಲೆ ಬೆರಳಿಟ್ಟ ಕೂಡಲೇ ಬೇರೆ ಯಾವುದೋ ಮರದ ಮೇಲೆ ಇದೇ ಬೆರಳು ಆಡಿದ್ದು ನೆನಪಿಗೆ ಬಂತು.

ನಮ್ಮೂರ ಮನೆಯ ಜಗಲಿಯಲ್ಲಿ ಕೆತ್ತನೆಯ ಕಂಬಗಳಿವೆ, ಹಲಸಿನವು. ಪ್ರತಿ ಕಂಬದ ಬುಡದಲ್ಲಿ, ಗೋಡೆ ಕಡೆಗೆ ಮುಖ ಮಾಡಿದ ಬದಿಯಲ್ಲಿ, ಕನ್ನಡ ಅಂಕಿ ಕೆತ್ತಿದೆ. ೧೪, ೧೫, ೧೬. ಅಟ್ಟದ ಮೇಲೆ ತೊಲೆಗಳಿಗೂ ಇದೆ. ಸಣ್ಣವನಿದ್ದಾಗ ಕಣ್ಣಾಮುಚ್ಚಾಲೆಯಾಡುತ್ತ ಕಂಬದ ಹಿಂದೆ ಕೂತಾಗ ಅದರ ಮೇಲೆ ಬೆರಳಾಡಿಸುತ್ತಿದ್ದೆ. ಕನ್ನಡದ ಏಳನ್ನೂ ಆರನ್ನೂ ನಾನು ಗುರುತು ಹಿಡಿಯಲು ಕಲಿತದ್ದು ಶಾಲೆಯಲ್ಲಲ್ಲ, ಅಲ್ಲಿ. "ಇದೆಂತ?" ಅಂತ ಅಪ್ಪನನ್ನು ಕೇಳಿದರೆ "ಆಚಾರಿ ಲೆಕ್ಕ" ಅಂದಿದ್ದರು. ಅಷ್ಟೇ. ನಾನೂ ಮತ್ತೆ ಕೇಳಿರಲಿಲ್ಲ.

ಹೊರಗೆ ಬಂದು ಹಸಿರು ಮೈದಾನದ ಬೆಂಚಿನ ಮೇಲೆ ಕೂತು ಚಿಕ್ಕಪ್ಪನ ಫೋನಿಗೆ ಮಾಡಿದೆ. "ಅಜ್ಜಿಗೆ ಕೊಡಿ ಚಿಕ್ಕಪ್ಪ" ಅಂದೆ. ಅಲ್ಲಿ ರಾತ್ರಿ ಎಂಟೂವರೆ ದಾಟಿತ್ತು.

*

"ಅಜ್ಜಿ, ಜಗಲಿ ಕಂಬದ ಮೇಲೆ ಅಂಕಿ ಇದ್ಯಲ್ಲ, ಅದು ಯಾರು ಹಾಕಿದ್ದು?"

"ಊಟ ಆಯ್ತನಾ?" ಅಂದಳು ಅಜ್ಜಿ. ಅವಳಿಗೆ ಎಂಬತ್ತು ದಾಟಿದೆ. ಎಂಥಾ ಪ್ರಶ್ನೆಗೂ ಮೊದಲ ಉತ್ತರ ಇದೇ.

ಆಮೇಲೆ ಹೇಳಿದಳು. ಮುಳುಗಡೆ ಕಾಲದಲ್ಲಿ ಹಾಕಿದ್ದು.

ನಮ್ಮದು ಶರಾವತಿ ಹಿನ್ನೀರಿನ ದಡದ ಊರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ಹಿಂದೆ ಸುಮಾರು 300 ಚದರ ಕಿಲೋಮೀಟರ್ ನೀರು ನಿಂತು, ಸಾಗರ, ಹೊಸನಗರ ಸೀಮೆಯ ಎಷ್ಟೋ ಊರುಗಳು ತೋಟ ಗದ್ದೆ ಸಮೇತ ಒಳಗೆ ಹೋದವು. ಇದು ಗೊತ್ತಿದ್ದದ್ದೇ. ನಮ್ಮ ಹಳೇ ಊರೂ ಮುಳುಗಿತು, ಈಗಿರುವುದು ಆಮೇಲೆ ಬಂದ ಜಾಗ ಅಂತಲೂ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು, ಈಗಿನ ಮನೆಯೇ ಆ ಮುಳುಗಿದ ಊರಿನ ಮನೆ ಅಂತ!

ಅಜ್ಜಿ ಮದುವೆಯಾಗಿ ಬಂದು ಎರಡು ವರ್ಷ ಆಗಿತ್ತಂತೆ. "ಮನೆ ಪರಿಚಯ ಆಗೋದ್ರೊಳಗೆ ಬಿಚ್ಚಿದ್ರು" ಅಂದಳು. ಪರಿಹಾರದ ದುಡ್ಡಿನಲ್ಲಿ ಹೊಸ ಮರ ಎಲ್ಲಿಂದ ಬರಬೇಕು? ಅಜ್ಜ ಆಚಾರಿಯನ್ನು ಕರೆಸಿದ. ಅವನು ಒಂದು ವಾರ ಬರೀ ಅಂಕಿ ಕೆತ್ತಿದ. ಅಜ್ಜ ಪಕ್ಕದಲ್ಲಿ ಕೂತು ಪುಸ್ತಕದಲ್ಲಿ ಬರೆದುಕೊಂಡ. ಆಮೇಲೆ ಹಂಚು ಇಳಿಸಿ, ರೀಪು ಪಕಾಸಿ ಬಿಚ್ಚಿ, ತೊಲೆ ಇಳಿಸಿ, ಎತ್ತಿನ ಗಾಡಿಯಲ್ಲಿ ಗುಡ್ಡ ಹತ್ತಿಸಿದರು. ಎರಡು ತಿಂಗಳು ಎಲ್ಲರೂ ಸೋಗೆ ಮಾಡಿನ ಚಪ್ಪರದಲ್ಲಿ ಮಲಗಿದ್ದು. ಮಳೆ ಹಿಡಿಯುವುದಕ್ಕೆ ನಾಲ್ಕು ದಿನ ಮೊದಲು ಮಾಡು ಮುಚ್ಚಿತು.

"ಬಾವಿ ಮಾತ್ರ ತರೋಕೆ ಆಗ್ಲಿಲ್ಲೆ" ಅಂದಳು. ನಗುತ್ತಿದ್ದಳೋ ಏನೋ, ಫೋನಿನಲ್ಲಿ ತಿಳಿಯಲಿಲ್ಲ. "ಮತ್ತೆ ಅಲ್ಲಿ ಬಾಗಿಲು ಮೂಡು ದಿಕ್ಕಿಗೆ ಇತ್ತು. ಇಲ್ಲಿ ಗುಡ್ಡ ಅಡ್ಡ ಬಂತು ಅಂತ ಬಡಗಿಗೆ ತಿರುಗಿಸಿದ್ರು. ಮನೆಯೆಲ್ಲ ಅದೇ. ಬಿಸಿಲು ಮಾತ್ರ ಬೇರೆ ಕಡೆಯಿಂದ ಬರ್ತಿತ್ತು. ನಂಗೆ ಒಂದು ವರ್ಷ ಹೊತ್ತೇ ಗೊತ್ತಾಗ್ತಿರ್ಲಿಲ್ಲೆ."

ನನಗೆ ತಕ್ಷಣ ಇನ್ನೊಂದು ನೆನಪಾಯಿತು. ಜಗಲಿಯಲ್ಲಿ ಒಂದು ಕಂಬ ಮಾತ್ರ ಬೋಳು. ಉಳಿದವಕ್ಕೆಲ್ಲ ಹೂವು ಬಳ್ಳಿ ಇದ್ದರೆ ಇದಕ್ಕೆ ಏನೂ ಇಲ್ಲ, ಮರವೂ ಬೇರೆ. ಮಕ್ಕಳೆಲ್ಲ ಅದನ್ನು ಬಡವರ ಕಂಬ ಅನ್ನುತ್ತಿದ್ದೆವು. ಕೇಳಿದೆ.

"ಅದಾ? ಗುಡ್ಡ ಹತ್ತೋವಾಗ ಗಾಡಿ ಮಗುಚಿ ಒಂದು ಕಂಬ ಸೀಳಿ ಹೋಯ್ತು. ಕೆತ್ತಿಸೋಕೆ ದುಡ್ಡೂ ಇರ್ಲಿಲ್ಲೆ, ಹೊತ್ತೂ ಇರ್ಲಿಲ್ಲೆ. ಮತ್ತಿ ಮರದ್ದು ಒಂದು ನಿಲ್ಲಿಸಿದ್ರು. ಅದೇ."

*

ಬೆಂಚಿನ ಮೇಲೆ ಇನ್ನೂ ಸುಮಾರು ಹೊತ್ತು ಕೂತಿದ್ದೆ. ಎದುರಿಗೆ ಕಾಣುತ್ತಿದ್ದ ಆ ಎರಡು ಮುದಿ ಮನೆಗಳು ಈಗ ಬೇರೆ ಥರ ಕಂಡವು.

ಇಂಗ್ಲೆಂಡಿನಲ್ಲಿ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಸುಮಾರು 4 ಲಕ್ಷ ನಮೂದುಗಳಿವೆ. ಮೂರು ದರ್ಜೆ. ಬಹುಪಾಲು ಈ ಗ್ರೇಡ್ ಟೂ, ಅಂದರೆ ಅರಮನೆಯೇನಲ್ಲ, ಆದರೂ ಉಳಿಯಬೇಕಾದ್ದು. ಪಟ್ಟಿಗೆ ಸೇರಿದ ಮೇಲೆ ಮಾಲೀಕನೇ ಆದರೂ ಒಪ್ಪಿಗೆ ಇಲ್ಲದೆ ಅದರ ಲಕ್ಷಣ ಬದಲಾಗುವಂಥ ಕೆಲಸ ಮಾಡುವುದು ಅಪರಾಧ. ಈ ಪಟ್ಟಿಯ ಪದ್ಧತಿ ಗಟ್ಟಿಯಾದದ್ದು 1947ರ ಕಾಯ್ದೆಯಿಂದ. ಆದರೆ ಲೆಕ್ಕ ನೋಡಿ. ಸೆಲ್ಲಿ ಮೇನರ್ ಉಳಿದದ್ದು 1907ರಲ್ಲಿ, ಮಿನ್‌ವರ್ತ್ ಗ್ರೀವ್ಸ್ ಎದ್ದದ್ದು 1932ರಲ್ಲಿ. ಕಾನೂನು ಬರುವ ಮೊದಲೇ ಯಾರೋ ಉಳಿಸಿಟ್ಟಿದ್ದಕ್ಕೇ ಕಾನೂನಿಗೆ ಕಾಯಲು ಏನಾದರೂ ಸಿಕ್ಕಿತು.

ಮನೆಯನ್ನು ಕಿತ್ತು ಬೇರೆ ಕಡೆ ನೆಡುವುದೇ ತಪ್ಪು ಅನ್ನುವವರೂ ಇಲ್ಲಿದ್ದಾರೆ. 1877ರಲ್ಲಿ ವಿಲಿಯಂ ಮಾರಿಸ್ ಮತ್ತು ಗೆಳೆಯರು ಹಳೇ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದರು. ಅವರ ನಿಲುವು ಸುಮಾರಾಗಿ ಹೀಗೆ: ಕಟ್ಟಡ ಇರುವಲ್ಲೇ ಇರಲಿ, ದಿನದಿನದ ಆರೈಕೆ ಮಾಡಿ, ಹೊಸದಾಗಿ ಕಾಣುವಂತೆ ಮಾಡಲು ಹೋಗಬೇಡಿ. ಇದು ಸರಿಯಾದ ಮಾತೇ. ಮಿನ್‌ವರ್ತ್ ಗ್ರೀವ್ಸ್ ಸುತ್ತ ಈಗ ಮಿನ್‌ವರ್ತ್ ಇಲ್ಲ. ಅದರ ಹೊಲ, ನೆರೆಮನೆ, ದಾರಿ ಯಾವುದೂ ಬಂದಿಲ್ಲ. ನಮ್ಮ ಬಾವಿಯ ಹಾಗೆ ಅವೆಲ್ಲ ಅಲ್ಲೇ ಉಳಿದವು. ಒಳಗೆ ಒಲೆ ಉರಿಯುವುದಿಲ್ಲ, ಮಗು ಅಳುವುದಿಲ್ಲ.

ಆದರೆ ದಿನದಿನದ ಆರೈಕೆ ಮಾಡುವವರು ಯಾರು? ನಮ್ಮಲ್ಲಿ ಸಂರಕ್ಷಿತ ಅಂತ ನೀಲಿ ಬೋರ್ಡು ಬೀಳುವುದು ಹೆಚ್ಚಾಗಿ ದೇವಸ್ಥಾನ, ಕೋಟೆಗಳಿಗೆ. ಮನೆಯನ್ನು ಕಾಯುವುದು ಏನಿದ್ದರೂ ಚಿಕ್ಕಪ್ಪಂದಿರು. ಅವರ ಏಣಿಗೆ ವಯಸ್ಸಾಗುತ್ತಿದೆ.

ಇಂಜಿನಿಯರಿಂಗ್ ಓದುವಾಗ ಒಮ್ಮೆ ಗೆಳೆಯರ ಜೊತೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಹೋಗಿದ್ದೆ. ಬ್ಯಾಂಕ್ ನೌಕರಿಯಲ್ಲಿದ್ದ ವಿಜಯನಾಥ ಶೆಣೈ ಅವರು ಜೀವಮಾನವಿಡೀ ಕೂತು ಮಾಡಿದ ಕೆಲಸ ಅದು. ಕುಂಜೂರು ಚೌಕಿ ಮನೆ, ಮಿಯಾರು ಮನೆ, ಹರ್ಕೂರು ಒಳಗಿನ ಮನೆ, ದೂರದ ಕುಕನೂರಿನ ಕಮಲ ಮಹಲು. ಬಿದ್ದುಹೋಗುತ್ತಿದ್ದ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಜೋಡಿಸಿದರು. ಭೂಸುಧಾರಣೆಯ ನಂತರ ಗೇಣಿ ನಿಂತು, ಕೂಡುಕುಟುಂಬಗಳು ಒಡೆದು, ಅಷ್ಟು ದೊಡ್ಡ ಮನೆಗಳನ್ನು ಸಾಕುವ ಶಕ್ತಿ ಯಾರಿಗೂ ಉಳಿಯದೇ ಹೋದ ಕಾಲ ಅದು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ಮರ ಮಾತ್ರ ಅಡಿ ಲೆಕ್ಕಕ್ಕೆ ಇಳಿಯಿತು. ಶೆಣೈ ಅವರು 2017ರಲ್ಲಿ ತೀರಿಕೊಂಡರು. ನಾನು ಆವತ್ತು ಅಲ್ಲಿ ಮಾಡಿದ್ದು, ಕೆತ್ತನೆಯ ಕಂಬಕ್ಕೆ ಒರಗಿ ಹತ್ತು ಸೆಲ್ಫಿ. ಇವನ್ನೆಲ್ಲ ಹೇಗೆ ತಂದರು ಅನ್ನುವ ಒಂದು ಪ್ರಶ್ನೆ ಆವತ್ತು ಹುಟ್ಟಲಿಲ್ಲ.

ಅಲ್ಲಿ ಕೂತಾಗ ನನಗೆ ಹೊಳೆದದ್ದು ಒಂದೇ. ಬಿಚ್ಚುವುದು ಬೇರೆ, ಕೆಡವುವುದು ಬೇರೆ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಹಂಚು ಇಳಿಯುತ್ತದೆ, ತೊಲೆ ಇಳಿಯುತ್ತದೆ, ಕೊನೆಗೆ ಬೋಳು ನೆಲ. ವ್ಯತ್ಯಾಸ ಇರುವುದು ಅದಕ್ಕೂ ಮೊದಲಿನ ಒಂದು ವಾರದಲ್ಲಿ, ಆಚಾರಿ ಕೂತು ಅಂಕಿ ಕೆತ್ತಿದ್ದನೋ ಇಲ್ಲವೋ ಅನ್ನುವುದರಲ್ಲಿ. ಅಂಕಿ ಹಾಕುವವನಿಗೆ ಇದು ಮತ್ತೆ ಎದ್ದು ನಿಲ್ಲುತ್ತದೆ ಅನ್ನುವ ನಂಬಿಕೆ ಇರುತ್ತದೆ. ಅಜ್ಜನಿಗೆ ಊರೇ ಮುಳುಗುವಾಗ ಆ ನಂಬಿಕೆ ಇತ್ತು. ನನಗೆ ಬೆಳಿಗ್ಗೆ ಏಳು ಗಂಟೆಗೆ ಇರಲಿಲ್ಲ.

*

ಭಾನುವಾರ ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಮನೆ ಮಾರೋದು ಬೇಡ" ಅಂತ ಹೇಳಬೇಕು ಅಂತ ರಾತ್ರಿಯೆಲ್ಲ ಭಾಷಣ ತಯಾರು ಮಾಡಿಕೊಂಡಿದ್ದೆ. ಎರಡು ವಾಕ್ಯ ಮುಗಿಯುವುದರೊಳಗೆ ಅವರು ಕೇಳಿದರು:

"ಹಂಗಾದ್ರೆ ನೀನು ಬಂದು ಇರ್ತ್ಯಾ?"

ಭಾಷಣ ಅಲ್ಲಿಗೇ ಮುಗಿಯಿತು.

ಅವರಿಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. "ನೋಡು ತಮಾ, ನಂಗೂ ಅರವತ್ತಾಯ್ತು. 2025ರ ಜುಲೈಲಿ ಸಿಗಂದೂರು ಸೇತುವೆ ಆದ್ಮೇಲೆ ಲಾಂಚಿಗೆ ಕಾಯೋ ಕಷ್ಟ ತಪ್ತು, ಖರೆ. ಹಂಚಿನ ಮಾಡು ಮಾತ್ರ ಹಾಂಗೇ ಸೋರ್ತಾ ಇದ್ದು. ಅಜ್ಜಿ ರಾತ್ರಿ ಎದ್ದು ಪಾತ್ರೆ ಇಡ್ತ. ಅದರ ಮಧ್ಯೆ ನಾನು ಕಂಬದ ಚೆಂದ ನೋಡ್ಲಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ದೂರದಲ್ಲಿ ಕೂತವನಿಗೆ ಹಳೇ ಮನೆ ಚೆಂದ. ಅದರೊಳಗೆ ಮಲಗುವವರಿಗೆ ಮಾಡು ಸೋರುತ್ತದೆ. ಜಾರ್ಜ್ ಕ್ಯಾಡ್‌ಬರಿಯೂ ಹಳೇ ಮನೆಗಳನ್ನು ಮ್ಯೂಸಿಯಂ ಮಾಡಿದರೇ ಹೊರತು ತಮ್ಮ ಕೆಲಸಗಾರರಿಗೆ ಕಟ್ಟಿಸಿಕೊಟ್ಟದ್ದು ಹೊಸ ಇಟ್ಟಿಗೆ ಮನೆಗಳನ್ನೇ.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಕೊನೆಗೆ ನಾನೇ ಹೇಳಿದೆ. "ಚಿಕ್ಕಪ್ಪ, ಸಹಿ ಹಾಕ್ತೀನಿ. ಆರ್‌ಸಿಸಿ ಮನೆ ಕಟ್ಟಿ. ಒರಲೆ ಹಿಡಿದ ಹಿಂಬದಿ ಎಲ್ಲ ಕೊಟ್ಟುಬಿಡಿ. ಜಗಲಿ, ನಡುಮನೆ ಎರಡನ್ನು ಮಾತ್ರ ಕೊಡೋದು ಬೇಡ. ಅಂಕಿ ನೋಡಿಕೊಂಡು ಬಿಚ್ಚಿಸಿ, ಕೊಟ್ಟಿಗೆ ಅಟ್ಟದ ಮೇಲೆ ಜೋಡಿಸಿಡಿ. ಹೊಸ ಮನೆ ಮುಂದೆ ಅದೇ ಜಗಲಿ ನಿಲ್ಲಿಸೋಣ. ಆಚಾರಿ ಕೂಲಿ, ಆ ಮರಕ್ಕೆ ಕಡಿಮೆ ಬಿದ್ದ ದುಡ್ಡು ನಾನು ಕೊಡ್ತೀನಿ."

"ಅಂಕಿ ನೋಡಿ ಬಿಚ್ಚೋ ಆಚಾರಿ ಈಗ ಎಲ್ಲಿದ್ದ?"

"ಹುಡುಕೋಣ."

"ನೋಡುವ" ಅಂದರು. ನಮ್ಮೂರಲ್ಲಿ ನೋಡುವ ಅಂದರೆ ಹೂಂ ಅಂತಲೂ ಅರ್ಥ, ಊಹೂಂ ಅಂತಲೂ ಅರ್ಥ. ಫೋನ್ ಇಟ್ಟ ಮೇಲೆ, ಇದು ದುಡ್ಡು ಕೊಟ್ಟು ಮನಸ್ಸು ಹಗುರ ಮಾಡಿಕೊಳ್ಳುವ ಎನ್‌ಆರ್‌ಐ ಚಾಳಿಯೋ ಏನೋ ಅಂತಲೂ ಅನ್ನಿಸಿತು. ಇರಬಹುದು. ನಾನು ಇಲ್ಲಿಂದ ಮಾಡಬಹುದಾದ್ದು ಬೇರೆ ಇನ್ನೇನೂ ಹೊಳೆಯಲಿಲ್ಲ.

ಹತ್ತು ದಿನ ಏನೂ ಸುದ್ದಿ ಇಲ್ಲ. ನಿನ್ನೆ ವಾಟ್ಸಾಪಿನಲ್ಲಿ ಚಿಕ್ಕಪ್ಪನಿಂದ ಸಾಲಾಗಿ ಫೋಟೋಗಳು ಬಂದವು. ಕಂಬದ ಬುಡಗಳು. ಯಾರೋ ಧೂಳು ಒರೆಸಿ, ಹಳೇ ಅಂಕಿಗಳ ಗೀರಿನೊಳಗೆ ಸುಣ್ಣ ತುಂಬಿದ್ದಾರೆ. ಬೆಳ್ಳಗೆ ಎದ್ದು ಕಾಣುತ್ತಿವೆ. ೧೪, ೧೫, ೧೬, ೧೮.

ಕೆಳಗೆ ಒಂದು ವಾಯ್ಸ್ ಮೆಸೇಜು. ಚಿಕ್ಕಪ್ಪ: "ಆಚಾರಿ ಸಿಕ್ಕಿದ್ದ. ಹೊಸ ನಂಬರು ಬರೀತಿ ಅಂತ ಪೇಂಟ್ ತಂದಿದ್ದ. ಅಜ್ಜಿ ಬಿಡ್ಲೆ, ಹಳೇದೇ ಇದ್ದಲ, ಹೊಸತೆಂತಕ್ಕೆ ಅಂತು. ಆದ್ರೆ ಆ ಬೋಳು ಕಂಬಕ್ಕೆ ಮಾತ್ರ ನಂಬರೇ ಇಲ್ಲೆ ನೋಡು. ಎಂತ ಮಾಡ್ಲಿ?"

ಫೋಟೋಗಳನ್ನು ಮತ್ತೆ ತೆಗೆದು ನೋಡಿದೆ. ಹದಿನೇಳು ಇರಲಿಲ್ಲ. ಗುಡ್ಡ ಹತ್ತುವಾಗ ಸೀಳಿಹೋದದ್ದು ಅದೇ ಇರಬೇಕು.

"ಹದಿನೇಳು ಅಂತ ಕೆತ್ತಿಸಿ ಚಿಕ್ಕಪ್ಪ" ಅಂತ ಉತ್ತರ ಕಳಿಸಿದೆ.